ರೋಹಿಣಿ ಎಂಬ ನಿಧಾನದ ಗುರು

ಮಾರ್ಚ್ ತಿಂಗಳ ನಡುಮಧ್ಯಾಹ್ನ ಕುರೆಕುಪ್ಪದ ಸುತ್ತಲಿನ ಎರೆಹೊಲಗಳ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಗಿರಕಿ ಹೊಡೆಯುತ್ತ ಮೇಲೇರುತ್ತವೆ. ಕಾದ ನೆಲದಿಂದ ಎದ್ದ ಬಿಸಿಗಾಳಿ ಅವುಗಳನ್ನು ಎತ್ತುತ್ತದೆ. ಹೊಲದಲ್ಲಿ ಧೂಳೆಬ್ಬಿಸಿ ಸುತ್ತುವ ದೆವ್ವಗಾಳಿಯೂ ಅದೇ ಬಿಸಿಗಾಳಿಯ ಕಣ್ಣಿಗೆ ಕಾಣುವ ಬುಡ. ಪಕ್ಕದ ತೋರಣಗಲ್ಲಿನ ಜಿಂದಾಲ್ ವಿಮಾನ ನಿಲ್ದಾಣದಿಂದ ಏಳುವ ವಿಮಾನಕ್ಕೆ ಈ ಗಾಳಿಯ ಹಂಗಿಲ್ಲ, ಎಂಜಿನ್ ಇದೆ. ಎಂಜಿನ್ ಇಲ್ಲದೆ ಹಾರುವ ಗ್ಲೈಡರಿಗೆ ಮಾತ್ರ ಇದೇ ಅನ್ನ. ಗ್ಲೈಡಿಂಗ್ ಕ್ಲಬ್ಬಿನವರು ಇದನ್ನು ಥರ್ಮಲ್ ಎನ್ನುತ್ತಾರೆ.

ಬಯಲು, ಬಿಸಿಲು, ಸಂಡೂರಿನ ಬೆಟ್ಟಸಾಲು ಎಲ್ಲವೂ ಇರುವ ಈ ಸೀಮೆಯಲ್ಲಿ ಗ್ಲೈಡರಿನ ಹೆಸರನ್ನೇ ಕೇಳದ ಹುಡುಗರು ಬಹಳ. ಆದರೆ ಕರ್ನಾಟಕಕ್ಕೂ ಗ್ಲೈಡರಿಗೂ ಹಳೆಯ ನಂಟಿದೆ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು. ಅಲ್ಲಿ ಸ್ವಂತ ವಿನ್ಯಾಸದಿಂದ ಮೊದಲು ತಯಾರಾದದ್ದು ಎಂಜಿನ್ನೇ ಇಲ್ಲದ ವಿಮಾನ: ಹತ್ತು ಸೈನಿಕರನ್ನು ಹೊರಬಲ್ಲ ಜಿ-1 ಗ್ಲೈಡರ್. ವಿನ್ಯಾಸ ಡಾ. ವಿ.ಎಂ. ಘಾಟಗೆ ಅವರದು. ಜರ್ಮನಿಯ ಗಾಟಿಂಗೆನ್‌ನಲ್ಲಿ ವಾಯುವಿಜ್ಞಾನಿ ಪ್ರಾಂಟಲ್ ಅವರ ಕೈಕೆಳಗೆ ಓದಿ ಬಂದವರು ಅವರು. ಒಂದೇ ಒಂದು ಜಿ-1 ಆಯಿತು, ಅಷ್ಟಕ್ಕೇ ನಿಂತಿತು. ಘಾಟಗೆ ಮುಂದೆ 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದಿಂದ ಹೆಸರಾದರು.

ಅಷ್ಟರಲ್ಲಿ ಹೊರಜಗತ್ತಿನಲ್ಲಿ ಗ್ಲೈಡಿಂಗ್ ಕಲಿಸುವ ಬಗೆಯೇ ಬದಲಾಗಿತ್ತು. ಮೊದಲೆಲ್ಲ ಶಿಷ್ಯನೊಬ್ಬನನ್ನೇ ತೆರೆದ ಚೌಕಟ್ಟಿನ ಮೇಲೆ ಕೂರಿಸಿ, ನೆಲದ ಮೇಲೆ ಎಳೆದು, ಆಮೇಲೆ ಗೇಣುದ್ದ ಎತ್ತಿ, ನಿಂತಲ್ಲಿಂದಲೇ ಕೂಗಿ ಹೇಳಿಕೊಡುತ್ತಿದ್ದರು. ಮುರಿದ ಗ್ಲೈಡರುಗಳಿಗೆ ಲೆಕ್ಕವಿರಲಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಗುರು ಜೊತೆಗೇ ಕೂತು ಕಲಿಸುವ ಎರಡು ಆಸನದ ಗ್ಲೈಡರುಗಳು ಬಂದವು. ಇಂಗ್ಲೆಂಡಿನ ಯಾರ್ಕ್‌ಷೈರಿನ ಸ್ಲಿಂಗ್ಸ್‌ಬಿ ಕಾರ್ಖಾನೆಯಿಂದ 1944ರಲ್ಲಿ ಹಾರಿದ ಟಿ-21 ಅವುಗಳಲ್ಲಿ ದೊಡ್ಡ ಹೆಸರು. ಮೇಲೆ ಮುಚ್ಚಳವಿಲ್ಲ, ಪಕ್ಕಪಕ್ಕ ಎರಡು ಆಸನ, ಮರ ಮತ್ತು ಬಟ್ಟೆಯ ಮೈ. ಬ್ರಿಟನ್ನಿನ ಏರ್ ಕೆಡೆಟ್‌ಗಳು ಇದರಲ್ಲೇ ದಶಕಗಳ ಕಾಲ ಕಲಿತರು.

ನಮ್ಮಲ್ಲಿ ಈ ಕೆಲಸಕ್ಕೆ ಇಳಿದದ್ದು ದೆಹಲಿಯ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರ. 1958ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ಅಶ್ವಿನಿ ಎಂಬ ಗ್ಲೈಡರ್ ಹಾರಿತು. 1961ರ ಮೇ ತಿಂಗಳಲ್ಲಿ ಎಸ್. ರಾಮಾಮೃತಂ ಅವರ ವಿನ್ಯಾಸದ ರೋಹಿಣಿ ಹಾರಿತು. ಆಮೇಲೆ ಕಾರ್ತಿಕ್, ಮೃಗಶಿರಾ, 1979ರಲ್ಲಿ ಆರ್ದ್ರಾ. ನಮ್ಮ ರೈತರು ಮಳೆ ಎಣಿಸುವ ನಕ್ಷತ್ರಗಳ ಸಾಲನ್ನೇ ಇಲಾಖೆ ಗ್ಲೈಡರುಗಳಿಗೆ ಕೊಟ್ಟಿತ್ತು. ಇವುಗಳಲ್ಲಿ ಕ್ಲಬ್ಬುಗಳಲ್ಲೂ ಎನ್‌ಸಿಸಿ ವಾಯುದಳದಲ್ಲೂ ಹೆಚ್ಚು ದುಡಿದದ್ದು ರೋಹಿಣಿ. ನೂರಕ್ಕೂ ಹೆಚ್ಚು ತಯಾರಾದವು. ಹದಿನಾರು ಮೀಟರಿಗಿಂತ ತುಸು ಉದ್ದದ ರೆಕ್ಕೆ, ಮರದ ಚೌಕಟ್ಟು, ಗುರು ಶಿಷ್ಯರಿಗೆ ಪಕ್ಕಪಕ್ಕದ ಆಸನ.

ಈ ಪಕ್ಕಪಕ್ಕದ ಆಸನದಲ್ಲೇ ಅರ್ಧ ಪಾಠ ಇದೆ. ಇಂದಿನ ಹೆಚ್ಚಿನ ಗ್ಲೈಡರುಗಳಲ್ಲಿ ಗುರು ಶಿಷ್ಯನ ಬೆನ್ನ ಹಿಂದೆ ಕೂರುತ್ತಾನೆ. ಗಾಳಿ ಸೀಳುವುದಕ್ಕೆ ಅದೇ ಒಳ್ಳೆಯದು, ಒಪ್ಪೋಣ. ಆದರೆ ಹುಡುಗ ಹೆದರಿದ್ದಾನೋ, ಸ್ಟಿಕ್ಕನ್ನು ಬೆರಳು ಬಿಳುಪೇರುವಷ್ಟು ಬಿಗಿಯಾಗಿ ಹಿಡಿದಿದ್ದಾನೋ, ಅವನ ಕಣ್ಣು ದಿಗಂತದ ಮೇಲಿದೆಯೋ ಮೀಟರಿನ ಮೇಲಿದೆಯೋ ಎಂಬುದು ಬೆನ್ನ ಹಿಂದಿನಿಂದ ಕಾಣದು. ರೋಹಿಣಿಯಲ್ಲಿ ಒಂದು ನೋಟ ಹೊರಳಿಸಿದರೆ ಸಾಕು.

ಇನ್ನೊಂದು ಗುಣ ರೆಕ್ಕೆಯದು. ಉದ್ದ ರೆಕ್ಕೆಯ ಗ್ಲೈಡರನ್ನು ಎಡಕ್ಕೆ ವಾಲಿಸಿದರೆ ಮೂಗು ಮೊದಲು ಬಲಕ್ಕೆ ಎಳೆಯುತ್ತದೆ. ಏಳುವ ರೆಕ್ಕೆಗೆ ಗಾಳಿಯ ತಡೆ ಹೆಚ್ಚಾಗುವುದೇ ಇದಕ್ಕೆ ಕಾರಣ. ಕಾಲಿನಿಂದ ಬಾಲದ ಚುಕ್ಕಾಣಿಯಾದ ರಡ್ಡರ್ ಒತ್ತಿ ಅದನ್ನು ಸರಿಪಡಿಸಬೇಕು. ಗ್ಲೈಡರುಗಳ ಮುಂಭಾಗಕ್ಕೆ ಒಂದು ಗೇಣು ಉಣ್ಣೆಯ ದಾರ ಅಂಟಿಸಿರುತ್ತಾರೆ. ತಿರುವು ಸರಿಯಿದ್ದರೆ ದಾರ ನೇರ ಹಿಂದಕ್ಕೆ ಮಲಗುತ್ತದೆ, ಕಾಲು ತಪ್ಪಿದರೆ ಓರೆಯಾಗುತ್ತದೆ. ಕೋಟಿ ಬೆಲೆಯ ಗ್ಲೈಡರಿನಲ್ಲೂ ಈ ದಾರಕ್ಕೆ ಬದಲಿ ಇಲ್ಲ. ಹಳೆಯ ನಿಧಾನದ ಗ್ಲೈಡರಿನಲ್ಲಿ ಕಾಲು ಮರೆತ ಶಿಷ್ಯನಿಗೆ ದಾರ ತಕ್ಷಣ ಹೇಳುತ್ತದೆ, ಅಪಾಯಕ್ಕೆ ಮೊದಲೇ ಸರಿಪಡಿಸಿಕೊಳ್ಳಲು ಗ್ಲೈಡರು ಹೊತ್ತನ್ನೂ ಕೊಡುತ್ತದೆ. ರೋಹಿಣಿಯ ದೊಡ್ಡತನ ಇಲ್ಲಿದೆ ಎಂದೇ ನನ್ನ ತೀರ್ಮಾನ.

ಅದರ ಕೊರತೆ ಎಂದು ಎಲ್ಲರೂ ಹೇಳುವುದು ದೂರ. ಈ ಜಾತಿಯ ಗ್ಲೈಡರು ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಸುಮಾರು 20 ಕಿಲೋಮೀಟರ್ ಸಾಗೀತು, ಹೊಸ ಫೈಬರ್ ಗ್ಲೈಡರುಗಳಲ್ಲಿ 40 ದಾಟುವವು ಹಲವು. ಕುರೆಕುಪ್ಪದಿಂದ ಹೊಸಪೇಟೆ ಸುಮಾರು 30 ಕಿಲೋಮೀಟರ್ ಎಂದಿಟ್ಟುಕೊಳ್ಳಿ: ಗಾಳಿಯ ನೆರವಿಲ್ಲದೆ ಅಲ್ಲಿಗೆ ಮುಟ್ಟಲು ಹಳೆಯದಕ್ಕೆ 1500 ಮೀಟರ್ ಎತ್ತರ ಬೇಕು, ಹೊಸದಕ್ಕೆ ಅದರ ಅರ್ಧ ಸಾಕು. ಆದರೆ ಕಲಿಯುವವನು ಹೊಸಪೇಟೆಗೆ ಹೋಗಬೇಕಿಲ್ಲ. ನೆಲದ ಮೇಲಿನ ವಿಂಚ್ ಯಂತ್ರ ಎಳೆಯುವ ಹಗ್ಗದಿಂದ ಸುಮಾರು 300 ಮೀಟರ್ ಏರಿ, ಮೈದಾನವನ್ನು ಒಂದು ಸುತ್ತು ಹಾಕಿ ಐದಾರು ನಿಮಿಷದಲ್ಲಿ ಇಳಿದರೆ ಅವನಿಗೆ ಲಾಭ. ಬೇಗ ಇಳಿಯುವ ಗ್ಲೈಡರು ಒಂದೇ ಬೆಳಗಿನಲ್ಲಿ ಹೆಚ್ಚು ಲ್ಯಾಂಡಿಂಗ್ ಕಲಿಸುತ್ತದೆ, ಮತ್ತು ಕಷ್ಟದ ಭಾಗ ಇರುವುದು ಲ್ಯಾಂಡಿಂಗಿನಲ್ಲೇ.

ಮರದ ಮೈಯನ್ನು ಕ್ಲಬ್ಬಿನವರೇ ನೋಡಿಕೊಳ್ಳಬಹುದು. ಪ್ಲೈವುಡ್ಡಿನ ಮೇಲೆ ಬೆರಳಲ್ಲೋ ನಾಣ್ಯದಲ್ಲೋ ತಟ್ಟುತ್ತ ಹೋದರೆ ಅಂಟು ಬಿಟ್ಟ ಜಾಗದಲ್ಲಿ ಸದ್ದು ಟೊಳ್ಳಾಗುತ್ತದೆ. ಬಟ್ಟೆ ಹರಿದರೆ ಹೊಲಿದು ಡೋಪ್ ಎಂಬ ಲೇಪ ಬಳಿಯಬಹುದು. ಆದರೆ ನಮ್ಮ ಬಿಸಿಲು ಮತ್ತು ಮಳೆಗಾಲದ ತೇವಕ್ಕೆ ಅಂಟು ಸೋಲುತ್ತದೆ, ಹ್ಯಾಂಗರಿನ ನೆರಳು ಇಲ್ಲದೆ ಮರದ ಗ್ಲೈಡರು ಬಾಳದು. ಇದನ್ನು ಮುಚ್ಚಿಡುವುದು ಸರಿಯಲ್ಲ. ಹಾಗೆಂದು ಲೋಹವೇ ಶಾಶ್ವತ ಎನ್ನುವಂತೆಯೂ ಇಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ತಯಾರಾದ ತರಬೇತಿ ಗ್ಲೈಡರುಗಳಲ್ಲಿ ಒಂದಾದ ಝೆಕ್ ದೇಶದ ಬ್ಲಾನಿಕ್ ಎಲ್-13 ಬಹುಪಾಲು ಅಲ್ಯೂಮಿನಿಯಂ. 2010ರ ಜೂನಿನಲ್ಲಿ ಆಸ್ಟ್ರಿಯಾದಲ್ಲಿ ಒಂದರ ರೆಕ್ಕೆ ಲೋಹದ ದಣಿವಿನಿಂದ ಮುರಿದು ಬಿದ್ದ ಮೇಲೆ ಅವುಗಳನ್ನು ಜಗತ್ತಿನಾದ್ಯಂತ ನೆಲಕ್ಕಿಳಿಸಬೇಕಾಯಿತು. 1966ರ ವಿನ್ಯಾಸದ ಜರ್ಮನಿಯ ಎಎಸ್‌ಕೆ-13ರ ರೆಕ್ಕೆ ಮರದ್ದು, ಮೈ ಉಕ್ಕಿನ ಕೊಳವೆ ಮತ್ತು ಬಟ್ಟೆಯದು. ಅದು ಯೂರೋಪಿನ ಕ್ಲಬ್ಬುಗಳಲ್ಲಿ ಇನ್ನೂ ಶಿಷ್ಯರಿಗೆ ಕಲಿಸುತ್ತಿದೆ.

ನಮ್ಮಲ್ಲಿ ರೋಹಿಣಿಗಳು ಒಂದೊಂದಾಗಿ ಹಿಂದೆ ಸರಿದವು. ಎನ್‌ಸಿಸಿ ಕೆಡೆಟ್‌ಗಳ ತರಬೇತಿ ಈಗ ಮೈಕ್ರೋಲೈಟ್ ವಿಮಾನಗಳ ಮೇಲೆ. ಅದೂ ಹಾರಾಟವೇ, ನಿಜ. ಆದರೆ ಎಂಜಿನ್ ಇದ್ದಾಗ ಕೈಗೆ ತಪ್ಪು ತಿದ್ದಿಕೊಳ್ಳುವ ಅವಕಾಶ ಹೆಚ್ಚು, ಗಾಳಿಯನ್ನು ಓದುವ ಅಗತ್ಯ ಕಡಿಮೆ. ಗಾಳಿ ಓದಲು ಕಲಿಸಿದ ಗ್ಲೈಡರಿಗೆ ನಾವು ಪ್ರದರ್ಶನದ ಕಟ್ಟೆಯ ಮೇಲಷ್ಟೇ ಜಾಗ ಉಳಿಸಿದ್ದರೆ ಅದು ಸಾಲದು.

ಬಳ್ಳಾರಿ ಸೀಮೆಯ ಬಯಲಲ್ಲಿ ಒಂದು ಗ್ಲೈಡಿಂಗ್ ಕ್ಲಬ್ ನಿಲ್ಲಲು ಬೇಕಾದ ಬಿಸಿಲು, ಗಾಳಿ, ಜಾಗ ಮೂರೂ ಇವೆ. ತೋರಣಗಲ್ಲಿನ ವಿಮಾನಗಳ ದಾರಿಗೆ ಅಡ್ಡಬಾರದ ಜಾಗ ಆರಿಸಬೇಕು, ಅಷ್ಟೆ. ಒಂದು ವಿಂಚ್, ಒಂದು ಹ್ಯಾಂಗರ್, ರಿಪೇರಿಗೆ ಬರುವ ಹಳೆಯ ಎರಡಾಸನದ ಗ್ಲೈಡರ್ ಒಂದು, ಪುಣೆಯ ಹಡಪ್ಸರ್ ಗ್ಲೈಡಿಂಗ್ ಕೇಂದ್ರದಂಥ ಕಡೆ ಕಲಿತು ಬಂದ ಗುರು ಒಬ್ಬ: ಆರಂಭಕ್ಕೆ ಇಷ್ಟು ಸಾಕು. ಜಿಲ್ಲಾಡಳಿತ, ಕಾಲೇಜುಗಳು, ಇಲ್ಲಿ ಬೆಳೆದ ಉದ್ಯಮಗಳು ಸೇರಿ ಈ ಕೆಲಸಕ್ಕೆ ಕೈಹಾಕಬೇಕು.