ತರಗತಿಯಲ್ಲಿ ಹುಟ್ಟಿದ ಒಂದು ಶಾಸ್ತ್ರ

1938ರ ಬೇಸಗೆಯಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯವು ವಿವಾಹವನ್ನು ಕುರಿತ ಪಾಠಕ್ರಮವೊಂದನ್ನು ಆರಂಭಿಸಿತು. ಅದರ ಹೊಣೆ ಹೊತ್ತವರು ಪ್ರಾಣಿಶಾಸ್ತ್ರಜ್ಞ ಆಲ್ಫ್ರೆಡ್ ಕಿನ್ಸಿ. ಅದುವರೆಗೆ ಅವರ ವ್ಯಾಸಂಗವೆಲ್ಲ ಗಿಡಮರಗಳಲ್ಲಿ ಗಂಟುಗಳನ್ನೆಬ್ಬಿಸುವ ಕಣಜಗಳದು! ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಗ್ರಂಥಗಳಲ್ಲಿ ಉತ್ತರ ದೊರೆಯದಿರಲು, ಅವರು ವಿದ್ಯಾರ್ಥಿಗಳನ್ನೇ ಒಬ್ಬೊಬ್ಬರಾಗಿ ಕಂಡು, ಅವರವರ ಲೈಂಗಿಕ ಜೀವನದ ವೃತ್ತಾಂತವನ್ನು ಗುಪ್ತ ಸಂಕೇತಗಳಲ್ಲಿ ಬರೆದುಕೊಳ್ಳತೊಡಗಿದರು. ಆಕ್ಷೇಪಣೆಗಳೆದ್ದು, 1940ರಲ್ಲಿ ಪಾಠ, ಸಂಶೋಧನೆ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ಅವರು ಪಾಠವನ್ನು ಬಿಟ್ಟರು. ತರಗತಿಗೆ ಅದು ನಷ್ಟವೇ ಸರಿ.

1948ರ ಗ್ರಂಥವು ಸುಮಾರು 5,300 ಪುರುಷರ, 1953ರದು 5,940 ಸ್ತ್ರೀಯರ ವೃತ್ತಾಂತಗಳನ್ನು ಆಧರಿಸಿದೆ. ಸಂಖ್ಯೆ ದೊಡ್ಡದು, ಆದರೆ ದೊಡ್ಡ ಸಂಖ್ಯೆಯೊಂದೇ ಸಾಲದೆಂಬುದನ್ನು ವಿದ್ಯಾರ್ಥಿಗಳು ಮೊದಲು ಅರಿಯಬೇಕೆಂದು ನಾವು ಬಯಸುತ್ತೇವೆ. ಇವರು ಚೀಟಿಯೆತ್ತಿ ಆಯ್ದವರಲ್ಲ, ಬಹುಮಟ್ಟಿಗೆ ತಾವಾಗಿ ಒಪ್ಪಿದವರು. ಪುರುಷರಲ್ಲಿ ಸೆರೆಮನೆಯವರೂ ಇದ್ದರು. ಇಂತಹ ವಿಷಯವನ್ನು ಹೇಳಲು ಮುಂದೆ ಬರುವವನ ನಡತೆ, ಹೇಳಲೊಲ್ಲದವನ ನಡತೆಯಂತೆಯೇ ಇದ್ದೀತೆನ್ನಲು ಆಧಾರವೇನು? 1954ರಲ್ಲಿ ಕಾಕ್ರನ್, ಮೊಸ್ಟೆಲರ್, ಟೂಕಿ ಎಂಬ ಸಂಖ್ಯಾಶಾಸ್ತ್ರಜ್ಞರು ಈ ದೋಷವನ್ನೇ ಎತ್ತಿ ತೋರಿಸಿದರು. ಹಿಂದಿನ ಇಂತಹ ಅಧ್ಯಯನಗಳಿಗಿಂತ ಇದು ಮೇಲೆಂದೂ ಒಪ್ಪಿದರು. ಕಿನ್ಸಿಯವರ ಸಹೋದ್ಯೋಗಿ ಪಾಲ್ ಗೆಭಾರ್ಡ್ 1979ರಲ್ಲಿ ಸೆರೆಮನೆಯವರನ್ನು ಬೇರ್ಪಡಿಸಿ ಅಂಕಿಗಳನ್ನು ಮತ್ತೆ ಪ್ರಕಟಿಸಿದರು. ಹಳೆಯ, ಹೊಸ ಕೋಷ್ಟಕಗಳೆರಡನ್ನೂ ನಾವು ತರಗತಿಯಲ್ಲಿ ಅಕ್ಕಪಕ್ಕದಲ್ಲಿಟ್ಟು ಓದಿಸುತ್ತೇವೆ.