ಡೊಂಬಿವಲಿಯ ಚರಂಡಿಯಲ್ಲಿ ಹರಿಯುತ್ತಿರುವುದು ಯಾವ ರಾಸಾಯನಿಕ? ಹೆಸರು ಹಿಡಿದು ಗುರುತಿಸುವ ‘ಅಚ್ಚಿನ ಪ್ಲಾಸ್ಟಿಕ್’

2014ರ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಮಳೆ ಬಿತ್ತು. 2017ರ ಆಗಸ್ಟ್‌ನಲ್ಲಿ ನವಿ ಮುಂಬೈನ ತಳೋಜಾ ಕೈಗಾರಿಕಾ ಪ್ರದೇಶದ ಬೀದಿನಾಯಿಗಳು ನೀಲಿ ಬಣ್ಣಕ್ಕೆ ತಿರುಗಿದ ಫೋಟೊಗಳು ದೇಶದಾದ್ಯಂತ ಹರಿದಾಡಿದವು. 2020ರ ಫೆಬ್ರುವರಿಯಲ್ಲಿ ಡೊಂಬಿವಲಿ ಎಂಐಡಿಸಿಯ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿ, ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಅವರೇ ಸ್ಥಳಕ್ಕೆ ಬಂದು ನೋಡಬೇಕಾಯಿತು.

ಈ ಮೂರೂ ಸುದ್ದಿಯಾದದ್ದು ಬಣ್ಣದಿಂದಾಗಿ. ಆದರೆ ಥಾಣೆ–ಬೇಲಾಪುರ ರಸ್ತೆಯಿಂದ ಡೊಂಬಿವಲಿ, ಅಂಬರನಾಥದವರೆಗೆ ಹಬ್ಬಿರುವ ಕಾರ್ಖಾನೆಗಳಲ್ಲಿ ಬಳಕೆಯಾಗುವ ಬಹಳಷ್ಟು ರಾಸಾಯನಿಕಗಳಿಗೆ ಬಣ್ಣವೇ ಇಲ್ಲ. ಅವು ಚರಂಡಿ ಸೇರಿದರೂ ಯಾರ ಮೊಬೈಲ್ ಕ್ಯಾಮೆರಾಕ್ಕೂ ಸಿಗುವುದಿಲ್ಲ. ರಾತ್ರಿ ಕಟು ವಾಸನೆ ಬಂತು, ಬೆಳಿಗ್ಗೆ ಪರೀಕ್ಷೆಗೆ ಬರುವಷ್ಟರಲ್ಲಿ ಏನೂ ಇರಲಿಲ್ಲ ಎಂಬುದು ಇಲ್ಲಿನ ಹಳೆಯ ದೂರು. ಕನ್ನಡದ ಕುಟುಂಬಗಳೂ ತಲೆಮಾರುಗಳಿಂದ ನೆಲೆಸಿರುವ ಊರುಗಳಿವು. ಕಲ್ಯಾಣ್–ಡೊಂಬಿವಲಿಯ ಕುಡಿಯುವ ನೀರು ಬರುವುದು ಉಲ್ಹಾಸ್ ನದಿಯಿಂದ.

ಹಾಗಾದರೆ ನೀರಿನಲ್ಲಿ ಇಂಥದ್ದೇ ರಾಸಾಯನಿಕ ಇದೆ ಎಂದು ಸ್ಥಳದಲ್ಲೇ ಹೇಳಬಲ್ಲ ಸಾಧನ ಇಲ್ಲವೇ? ರಸಾಯನ ವಿಜ್ಞಾನಿಗಳು ಇದಕ್ಕಾಗಿ ಹಲವು ದಾರಿಗಳನ್ನು ಹುಡುಕಿದ್ದಾರೆ. ಅವುಗಳಲ್ಲಿ ಕುತೂಹಲ ಹುಟ್ಟಿಸುವ ಒಂದು ದಾರಿ ‘ಮಾಲಿಕ್ಯೂಲರ್ಲಿ ಇಂಪ್ರಿಂಟೆಡ್ ಪಾಲಿಮರ್’. ಚಿಕ್ಕದಾಗಿ ಎಂಐಪಿ. ಕನ್ನಡದಲ್ಲಿ ಅಣುವಿನ ಅಚ್ಚೊತ್ತಿದ ಪ್ಲಾಸ್ಟಿಕ್ ಎನ್ನಬಹುದು.

ಈಗಿನ ಪರೀಕ್ಷೆ ಏನು ಹೇಳುತ್ತದೆ?

ಕಾರ್ಖಾನೆಯ ತ್ಯಾಜ್ಯನೀರಿಗೆ ಮುಖ್ಯವಾಗಿ ನೋಡುವುದು ಸಿಒಡಿ. ನೀರನ್ನು ಡೈಕ್ರೋಮೇಟ್ ಮತ್ತು ಆಮ್ಲದ ಜೊತೆ ಸುಮಾರು 150 ಡಿಗ್ರಿಯಲ್ಲಿ ಎರಡು ಗಂಟೆ ಕುದಿಸಿ, ಅದರಲ್ಲಿರುವ ಸಾವಯವ ಕೊಳೆಯನ್ನೆಲ್ಲ ಉತ್ಕರ್ಷಿಸಲು ಎಷ್ಟು ಆಕ್ಸಿಜನ್ ಬೇಕು ಎಂದು ಲೆಕ್ಕ ಹಾಕುತ್ತಾರೆ. ನದಿಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 250 ಮಿಲಿಗ್ರಾಂ. ಉಪಯುಕ್ತ ಅಂಕಿಯೇ. ಆದರೆ ಸಕ್ಕರೆ ನೀರಿಗೂ ಸಿಒಡಿ ಇರುತ್ತದೆ, ಫೀನಾಲ್ ಬೆರೆತ ನೀರಿಗೂ ಇರುತ್ತದೆ. ಕೊಳೆ ಎಷ್ಟಿದೆ ಎಂದು ಅದು ಹೇಳುತ್ತದೆ, ಯಾವುದು ಎಂದು ಹೇಳುವುದಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಹೆಚ್ಚು ಮಾಲಿನ್ಯಕಾರಿಯಾದ 17 ಬಗೆಯ ಉದ್ಯಮಗಳಿಗೆ ಆನ್‌ಲೈನ್ ಮಾಪಕ ಅಳವಡಿಸಲು ಸೂಚಿಸಿತು. ಅವು ಅಳೆಯುವುದೂ ಬಹುಪಾಲು ಪಿಎಚ್, ಸಿಒಡಿ, ಬಿಒಡಿ, ತೇಲುವ ಕಣಗಳಂಥ ಒಟ್ಟು ಲೆಕ್ಕವನ್ನೇ. ಒಂದೊಂದು ರಾಸಾಯನಿಕವನ್ನೂ ಹೆಸರಿಸಬೇಕಾದರೆ ಮಾದರಿ ಕ್ರೊಮೆಟೊಗ್ರಫಿ ಯಂತ್ರವಿರುವ ಪ್ರಯೋಗಾಲಯಕ್ಕೆ ಹೋಗಬೇಕು. ಯಂತ್ರ ದುಬಾರಿ, ನುರಿತವರು ಬೇಕು, ಫಲಿತಾಂಶಕ್ಕೆ ಕಾಯಬೇಕು.

ಸಕ್ಕರೆ ಅಚ್ಚಿನ ಉಲ್ಟಾ ಕೆಲಸ

ಸಂಕ್ರಾಂತಿಯ ಸಕ್ಕರೆ ಅಚ್ಚು ಎಲ್ಲರಿಗೂ ಗೊತ್ತು. ಮರದ ಅಚ್ಚಿಗೆ ಪಾಕ ಸುರಿದರೆ ಆನೆಯೋ ನವಿಲೋ ಹೊರಬರುತ್ತದೆ. ಎಂಐಪಿಯಲ್ಲಿ ಕೆಲಸ ತಿರುವುಮುರುವು. ಮೊದಲು ಆನೆಯನ್ನು ಇಟ್ಟು, ಅದರ ಸುತ್ತ ಅಚ್ಚನ್ನು ಕಟ್ಟಿ, ಆಮೇಲೆ ಆನೆಯನ್ನು ತೊಳೆದು ತೆಗೆಯುತ್ತಾರೆ. ಇಲ್ಲಿ ಆನೆ ಎಂದರೆ ಪತ್ತೆ ಮಾಡಬೇಕಾದ ಅಣು.

ಪ್ಯಾರಾ ನೈಟ್ರೋಫೀನಾಲ್ ಉದಾಹರಣೆ ತೆಗೆದುಕೊಳ್ಳೋಣ. ಬಣ್ಣ ಮತ್ತು ಔಷಧ ತಯಾರಿಕೆಯಲ್ಲಿ ಬಳಸುವ ವಸ್ತು, ಪ್ಯಾರಾಸಿಟಮಾಲ್ ತಯಾರಿಕೆಯ ಒಂದು ದಾರಿಯೂ ಇದರ ಮೂಲಕವೇ ಹೋಗುತ್ತದೆ. ಇದನ್ನು ಮೆಥಾಕ್ರಿಲಿಕ್ ಆಮ್ಲದಂಥ ಮಾನೊಮರ್ ಜೊತೆ ದ್ರಾವಕದಲ್ಲಿ ಬೆರೆಸಿದರೆ ಹೈಡ್ರೋಜನ್ ಬಂಧದಿಂದ ಮಾನೊಮರ್ ಅಣುಗಳು ಅದರ ಸುತ್ತ ತಾವಾಗಿ ಅಂಟಿ ನಿಲ್ಲುತ್ತವೆ. ಆಮೇಲೆ ಎಲ್ಲವನ್ನೂ ಬಿಗಿಯಾಗಿ ಹೆಣೆಯುವ ಇನ್ನೊಂದು ರಾಸಾಯನಿಕವನ್ನು ಸೇರಿಸಿ ಸುಮಾರು 60 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ. ಮೆಥನಾಲ್ ಮತ್ತು ಅಸಿಟಿಕ್ ಆಮ್ಲದಲ್ಲಿ ಮತ್ತೆ ಮತ್ತೆ ತೊಳೆದಾಗ ನೈಟ್ರೋಫೀನಾಲ್ ಹೊರಟುಹೋಗಿ ಅದರ ಆಕಾರದ, ಅದರ ಗುಣಕ್ಕೆ ಒಗ್ಗುವ ಗೂಡುಗಳು ಉಳಿಯುತ್ತವೆ. ನೀರಿನಲ್ಲಿ ಅದೇ ಅಣು ಮತ್ತೆ ಸಿಕ್ಕರೆ ಆ ಗೂಡಿಗೆ ಬಂದು ಕೂರುತ್ತದೆ. ಬೇರೆಯದಕ್ಕೆ ಅಲ್ಲಿ ಸರಿಯಾದ ಜಾಗವಿಲ್ಲ.

ಕಲ್ಪನೆ ಹೊಸದಲ್ಲ. ಅಮೆರಿಕದಲ್ಲಿ ಲೈನಸ್ ಪಾಲಿಂಗ್ ಅವರ ವಿದ್ಯಾರ್ಥಿ ಫ್ರಾಂಕ್ ಡಿಕಿ 1949ರಲ್ಲೇ ಸಿಲಿಕಾ ಜೆಲ್ ಮೇಲೆ ಬಣ್ಣದ ಅಣುವಿನ ಗುರುತು ಮೂಡಿಸಿದ್ದರು. ಪ್ಲಾಸ್ಟಿಕ್‌ನಲ್ಲಿ ಇದನ್ನು ಸಾಧಿಸಿದ್ದು ಜರ್ಮನಿಯ ಗುಂಟರ್ ವುಲ್ಫ್, 1972ರಲ್ಲಿ. ಸ್ವೀಡನ್ನಿನ ಕ್ಲಾಸ್ ಮೋಸ್‌ಬಾಖ್ ತಂಡ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ರಕ್ತದಲ್ಲಿನ ಔಷಧವನ್ನು ಅಳೆಯಲು ಜೈವಿಕ ಆ್ಯಂಟಿಬಾಡಿಯ ಬದಲು ಇಂಥ ಪ್ಲಾಸ್ಟಿಕ್ ಸಾಕು ಎಂದು ತೋರಿಸಿದ ಮೇಲೆ ಈ ಕ್ಷೇತ್ರಕ್ಕೆ ವೇಗ ಬಂತು. ಆ್ಯಂಟಿಬಾಡಿಗೆ ಫ್ರಿಜ್ ಬೇಕು, ಆಮ್ಲ ಬಿದ್ದರೆ ಕೆಡುತ್ತದೆ. ಎಂಐಪಿ ಬಿಸಿಲಿಗೂ ಆಮ್ಲಕ್ಕೂ ಜಗ್ಗುವುದಿಲ್ಲ. ಎಂಐಡಿಸಿ ಚರಂಡಿಗೆ ಇಳಿಸುವ ಸಾಧನಕ್ಕೆ ಇದಕ್ಕಿಂತ ಮುಖ್ಯ ಗುಣ ಬೇರೆ ಇಲ್ಲ.

ಗೂಡು ತುಂಬಿದ್ದು ಗೊತ್ತಾಗುವುದು ಹೇಗೆ?

ಅಣು ಗೂಡಿಗೆ ಬಂದು ಕೂತರೆ ಸಾಲದು, ಸುದ್ದಿ ಹೊರಗೆ ತಿಳಿಯಬೇಕು. ಹೆಚ್ಚು ಬಳಕೆಯಲ್ಲಿರುವುದು ವಿದ್ಯುತ್ ದಾರಿ. ಇಂಗಾಲದ ಎಲೆಕ್ಟ್ರೋಡ್ ಮೇಲೆ ಎಂಐಪಿಯ ತೆಳು ಪದರ ಲೇಪಿಸುತ್ತಾರೆ. ನೈಟ್ರೋಫೀನಾಲ್ ಎಲೆಕ್ಟ್ರೋಡ್‌ನಿಂದ ಎಲೆಕ್ಟ್ರಾನ್ ಪಡೆಯುವ ಗುಣವುಳ್ಳದ್ದು. ಹಾಗಾಗಿ ಗೂಡುಗಳು ತುಂಬಿದಷ್ಟೂ ಕರೆಂಟ್ ಏರುತ್ತದೆ. ಆ ಗುಣವಿಲ್ಲದ ಅಣುವಾದರೆ ನೀರಿಗೆ ಫೆರಿಸಯನೈಡ್ ಬೆರೆಸುತ್ತಾರೆ. ಗೂಡು ಖಾಲಿ ಇದ್ದಾಗ ಅದು ಕಿಂಡಿಯ ಮೂಲಕ ಎಲೆಕ್ಟ್ರೋಡ್ ಮುಟ್ಟುತ್ತದೆ, ತುಂಬಿದಾಗ ದಾರಿ ಮುಚ್ಚಿ ಕರೆಂಟ್ ಇಳಿಯುತ್ತದೆ.

ಇನ್ನೊಂದು ದಾರಿ ತೂಕದ್ದು. ಕಂಪಿಸುವ ಕ್ವಾರ್ಟ್ಜ್ ಹರಳಿನ ಮೇಲೆ ಎಂಐಪಿ ಲೇಪಿಸಿದರೆ ಅಣುಗಳು ಕೂತಂತೆ ಅದರ ಕಂಪನ ನಿಧಾನವಾಗುತ್ತದೆ. ವಿಯೆನ್ನಾದ ಫ್ರಾಂಜ್ ಡಿಕರ್ಟ್ ಅವರ ತಂಡ ದ್ರಾವಕಗಳ ಆವಿಯನ್ನು ಹೀಗೆ ಹಿಡಿದಿದೆ. ರಾತ್ರಿಯ ವಾಸನೆಯ ದೂರಿಗೆ ಹತ್ತಿರವಾದ ಸಂಶೋಧನೆ ಎಂದರೆ ಇದೇ.

ಭಾರತದಲ್ಲೂ ಕೆಲಸ ನಡೆದಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಭೀಮ್ ಬಲಿ ಪ್ರಸಾದ್ ಅವರ ತಂಡ ಎಂಐಪಿ ಎಲೆಕ್ಟ್ರೋಡ್‌ಗಳ ಮೇಲೆ ಸರಣಿಯಾಗಿ ಸಂಶೋಧನೆ ಪ್ರಕಟಿಸಿದೆ. ತಿರುವನಂತಪುರದಲ್ಲಿ ಟಿ. ಪ್ರಸಾದ ರಾವ್ ಇದೇ ತತ್ವದಿಂದ ಯುರೇನಿಯಂ ಅಯಾನನ್ನು ಹಿಡಿಯುವ ಪಾಲಿಮರ್ ರೂಪಿಸಿದರು. ಕರ್ನಾಟಕದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಿ.ಇ. ಕುಮಾರಸ್ವಾಮಿ ಅವರದು ಎಂಐಪಿ ಅಲ್ಲದಿದ್ದರೂ ನೆಂಟಸ್ತಿಕೆಯ ಕೆಲಸ. ಗ್ರಾಫೈಟ್ ಪುಡಿ ಮತ್ತು ಸಿಲಿಕೋನ್ ಎಣ್ಣೆ ಕಲಸಿದ ಅಗ್ಗದ ಎಲೆಕ್ಟ್ರೋಡ್ ಮೇಲೆ ಪದರ ಬೆಳೆಸಿ ಡೋಪಮೈನ್‌ನಂಥ ಅಣುಗಳನ್ನು ಅಳೆಯುವುದು.

ಹಾಗಿದ್ದರೆ ಚರಂಡಿಗೆ ಯಾಕೆ ಬಂದಿಲ್ಲ?

ತೊಂದರೆಗಳು ಸಣ್ಣವಲ್ಲ. ಅಚ್ಚೊತ್ತಲು ಬಳಸಿದ ಅಣು ಪೂರ್ತಿ ತೊಳೆದುಹೋಗದೆ, ಆಮೇಲೆ ಸ್ವಲ್ಪಸ್ವಲ್ಪವೇ ಒಸರಿ ಇಲ್ಲದ ರಾಸಾಯನಿಕ ಇದೆ ಎಂದು ತೋರಿಸಬಹುದು. ಗೂಡುಗಳೆಲ್ಲ ಒಂದೇ ಸಮನಾಗಿರುವುದಿಲ್ಲ. ಅಚ್ಚು ತಯಾರಾಗುವುದು ಹೆಚ್ಚಾಗಿ ಸಾವಯವ ದ್ರಾವಕದಲ್ಲಿ, ಕೆಲಸ ಮಾಡಬೇಕಾದದ್ದು ನೀರಿನಲ್ಲಿ. ನೀರೇ ಹೈಡ್ರೋಜನ್ ಬಂಧಕ್ಕೆ ಪೈಪೋಟಿಗೆ ನಿಲ್ಲುತ್ತದೆ. ಅದಕ್ಕೇ ಅಚ್ಚಿಲ್ಲದ ಅದೇ ಪ್ಲಾಸ್ಟಿಕ್ ಜೊತೆ ಹೋಲಿಸಿ ತೋರಿಸದ ಎಂಐಪಿ ಪ್ರಬಂಧವನ್ನು ಬಲ್ಲವರು ನಂಬುವುದಿಲ್ಲ. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಬಂದ ಫಲಿತಾಂಶ ಎಣ್ಣೆ, ಉಪ್ಪು, ಬಣ್ಣ ಬೆರೆತ ತ್ಯಾಜ್ಯದಲ್ಲೂ ಬರುತ್ತದೆ ಎಂದುಕೊಳ್ಳುವಂತಿಲ್ಲ.

ಆದರೂ ಎಲ್ಲಿ ಇಡುತ್ತೇವೆ ಎಂಬುದರ ಮೇಲೆ ಬೇಡಿಕೆ ಬದಲಾಗುತ್ತದೆ. ಕುಡಿಯುವ ನೀರಿನಲ್ಲಿ ಫೀನಾಲ್ ವಸ್ತುಗಳಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ನದಿಗೆ ಬಿಡುವ ತ್ಯಾಜ್ಯನೀರಿಗೆ 1 ಮಿಲಿಗ್ರಾಂ, ಅಂದರೆ ಸಾವಿರ ಪಟ್ಟು ಹೆಚ್ಚು. ಹಾಗಾಗಿ ಮನೆಯ ನಲ್ಲಿಗಿಂತ ಕಾರ್ಖಾನೆಯ ಕೊಳವೆ ಬಾಯಿಯೇ ಇಂಥ ಸೆನ್ಸರ್‌ಗೆ ಮೊದಲ ಜಾಗ. ಅಪಘಾತ ತಡೆಯುವ ಸಾಧನ ಎಂದು ಮಾತ್ರ ಇದನ್ನು ನೋಡಬಾರದು. 2016ರ ಮೇ 26ರಂದು ಡೊಂಬಿವಲಿಯಲ್ಲಿ 12 ಮಂದಿಯನ್ನು ಬಲಿ ತೆಗೆದುಕೊಂಡ ಸ್ಫೋಟವಾಗಲಿ, 2024ರ ಮೇ 23ರ ಸ್ಫೋಟವಾಗಲಿ ಕಾರ್ಖಾನೆಯೊಳಗಿನ ಸುರಕ್ಷತೆಯ ಪ್ರಶ್ನೆ. ಚರಂಡಿಯ ಸೆನ್ಸರ್ ಅಲ್ಲಿ ನೆರವಿಗೆ ಬರುವುದಿಲ್ಲ.

ಕಾನೂನಿನ ಮಾತೂ ಇದೆ. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಕ್ರಮ ಜರುಗಿಸಲು ಅಧಿಕಾರಿ ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು ಮಾದರಿ ತೆಗೆದು, ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬೇಕು. ಸೆನ್ಸರ್ ತೋರಿಸಿದ ಅಂಕಿ ಈ ಬಾಟಲಿಗೆ ಬದಲಾಗಿ ನಿಲ್ಲುವುದಿಲ್ಲ. ಆದರೆ ನಡುರಾತ್ರಿ 2 ಗಂಟೆಗೆ ಕೊಳವೆಯಲ್ಲಿ ನೈಟ್ರೋಫೀನಾಲ್ ಏರಿದ ಕ್ಷಣವೇ ಮಾದರಿ ತುಂಬಿಕೊಳ್ಳುವ ಯಂತ್ರವನ್ನು ಅದು ಚಾಲೂ ಮಾಡಬಹುದು. ಬೆಳಿಗ್ಗೆ ಬರುವ ಅಧಿಕಾರಿಗೆ ಆಗ ಖಾಲಿ ಚರಂಡಿಯ ಬದಲು, ಎಲ್ಲಿ ಮತ್ತು ಯಾವ ಹೊತ್ತಿಗೆ ಕಾದು ನಿಂತು ಕಾನೂನುಬದ್ಧ ಮಾದರಿ ತೆಗೆಯಬೇಕು ಎಂಬ ಸುಳಿವು ಸಿಗುತ್ತದೆ.