ಕೊಟ್ಟ ಉಡುಪು, ಹೊಲಿದ ಉಡುಪು

ರಾಜ್ಯದ ಆಯವ್ಯಯ, ನದಿನೀರಿನ ಹಂಚಿಕೆ, ಶಾಲೆಗಳ ದುಃಸ್ಥಿತಿ ಮೊದಲಾದ ವಿಷಯಗಳಿಗೆ ಮೀಸಲಾದ ಈ ಪುಟದಲ್ಲಿ, ಜೇಡನ ಬಲೆ ಬೀಸಿ ಮಹಡಿಯಿಂದ ಮಹಡಿಗೆ ಹಾರುವ ಹುಡುಗನೊಬ್ಬನ ಚಿತ್ರಪಟದ ಪ್ರಸ್ತಾಪವೇಕೆಂದು ನಮ್ಮ ಹಿರಿಯ ವಾಚಕರು ಕೇಳಬಹುದು. ನಮ್ಮ ಮನೆಗಳ ಮಕ್ಕಳು ಯಾರನ್ನು ವೀರನೆಂದು ಎಣಿಸುತ್ತಾರೆಂಬುದು ಆಯವ್ಯಯಕ್ಕಿಂತ ಕಿರಿದಾದ ವಿಷಯವೆಂದು ನಾವು ಭಾವಿಸಿಲ್ಲ. ಆದುದರಿಂದಲೇ ಈ ಲೇಖನ.

1962ನೆಯ ಇಸವಿಯಲ್ಲಿ ಅಮೇರಿಕೆಯ ಮಾರ್ವೆಲ್ ಸಂಸ್ಥೆಯ ‘ಅಮೇಜಿಂಗ್ ಫ್ಯಾಂಟಸಿ’ ಎಂಬ ಚಿತ್ರಕಥಾ ಪತ್ರಿಕೆಯ 15ನೆಯ ಸಂಚಿಕೆಯಲ್ಲಿ ಸ್ಪೈಡರ್-ಮ್ಯಾನ್ ಮೊದಲು ಕಾಣಿಸಿಕೊಂಡನು. ಸ್ಟ್ಯಾನ್ ಲೀ ಕಥೆ ಕಟ್ಟಿದರು. ಸ್ಟೀವ್ ಡಿಟ್ಕೊ ಚಿತ್ರ ಬರೆದರು. ಅದುವರೆಗೆ ಇಂಥ ಕಥೆಗಳಲ್ಲಿ ಎಳೆಯ ಹುಡುಗರಿಗೆ ದೊರೆಯುತ್ತಿದ್ದುದು ಸಾಮಾನ್ಯವಾಗಿ ವೀರನ ಬೆನ್ನ ಹಿಂದೆ ನಿಲ್ಲುವ ಅನುಚರನ ಸ್ಥಾನವೇ. ಪೀಟರ್ ಪಾರ್ಕರ್ ಆದರೋ ತಂದೆತಾಯಿಗಳಿಲ್ಲದ, ದೊಡ್ಡಪ್ಪ ದೊಡ್ಡಮ್ಮಂದಿರ ಆಶ್ರಯದಲ್ಲಿ ಬೆಳೆದ, ಸಹಪಾಠಿಗಳ ಪರಿಹಾಸಕ್ಕೆ ಗುರಿಯಾದ ವಿದ್ಯಾರ್ಥಿ. ಜೇಡದ ಕಡಿತದಿಂದ ಶಕ್ತಿ ಬಂದುದು ಆಕಸ್ಮಿಕ. ಆದರೆ ಬಲೆ ಚಿಮ್ಮುವ ಯಂತ್ರವನ್ನೂ ತೊಡುವ ಉಡುಪನ್ನೂ ಅವನು ತಾನೇ ಸಿದ್ಧಮಾಡಿಕೊಂಡನು. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ನಮ್ಮ ಬಿನ್ನಹ.

2002ರಿಂದ 2014ರವರೆಗೆ ಇಬ್ಬರು ನಟರು ಐದು ಚಿತ್ರಗಳಲ್ಲಿ ಈ ಪಾತ್ರವನ್ನು ವಹಿಸಿದರು. ತಮ್ಮ ಮೊದಲ ಚಿತ್ರ ತೆರೆಗೆ ಬಂದಾಗಲೇ ಇಬ್ಬರೂ 25 ವರ್ಷ ದಾಟಿದ್ದರು. ಹುಡುಗನ ಕಥೆ ಯುವಕನ ಕಥೆಯಾಗಿ ಪರಿಣಮಿಸಿತ್ತು. 2017ರಲ್ಲಿ ಜಾನ್ ವಾಟ್ಸ್ ನಿರ್ದೇಶಿಸಿದ ‘ಸ್ಪೈಡರ್-ಮ್ಯಾನ್: ಹೋಮ್‌ಕಮಿಂಗ್’ ಬಂದಾಗ, ಇನ್ನೊಮ್ಮೆ ಅದೇ ಕಥೆಯೇ ಎಂದು ಬೇಸರಿಸಿದವರು ಕಡಮೆಯಲ್ಲ. ಆದರೆ ಎಲ್ಲರೂ ಬಲ್ಲ ಜೇಡದ ಕಡಿತವನ್ನೂ ದೊಡ್ಡಪ್ಪನ ಮರಣವನ್ನೂ ಈ ಚಿತ್ರ ತೋರಿಸುವ ಗೋಜಿಗೇ ಹೋಗಲಿಲ್ಲ. ಟಾಮ್ ಹಾಲೆಂಡ್ ಎಂಬ ಇಂಗ್ಲಿಷ್ ತರುಣ ಇಲ್ಲಿ 15 ವರ್ಷದ ಬಾಲಕನಾಗಿ ನಿಜವಾಗಿಯೂ ಒಪ್ಪುತ್ತಾನೆ. ಅವನ ಸಾಹಸಗಳಾದರೂ ಎಂಥವು? ಕಳುವಾದ ಸೈಕಲ್ಲಿನ ಒಡೆಯನನ್ನು ಹುಡುಕುವುದು, ಹಾದಿ ತಪ್ಪಿದ ಮುದುಕಿಗೆ ದಾರಿ ತೋರಿಸುವುದು. ಲೋಕವನ್ನೇ ಉದ್ಧರಿಸುವ ಅಬ್ಬರದ ಚಿತ್ರಗಳ ನಡುವೆ ಕೇರಿಯ ಉಪಕಾರಿಯಾದ ಈ ಹುಡುಗ ನಮಗೆ ಪ್ರಿಯನಾದನು.

ಚಿತ್ರದ ತಿರುಳು ಉಡುಪಿನಲ್ಲಿದೆ. ಟೋನಿ ಸ್ಟಾರ್ಕ್ ಎಂಬ ಕೋಟ್ಯಧೀಶ ವೀರನು ಹುಡುಗನಿಗೆ ನೂರೆಂಟು ಯಂತ್ರಗಳುಳ್ಳ ಪೋಷಾಕನ್ನು ದಯಪಾಲಿಸಿದ್ದಾನೆ. ಅದನ್ನು ತೊಟ್ಟ ಹುಡುಗನಿಗೆ ನೆಲದ ಮೇಲೆ ಕಾಲು ನಿಲ್ಲದು. ಚಕ್ರವ್ಯೂಹವನ್ನು ಹೊಗಲು ಬಲ್ಲ, ಹೊರಬರಲು ಅರಿಯದ ಅಭಿಮನ್ಯುವಿನ ಸ್ಥಿತಿ ಅವನದು. ಅವನು ಅವಸರದಿಂದ ನಡುವೆ ನುಗ್ಗಿದ ಕಾರಣದಿಂದಲೇ ಸ್ಟೇಟನ್ ದ್ವೀಪದ ಹಡಗು ಜನರ ಸಮೇತ ಎರಡಾಗಿ ಸೀಳುತ್ತದೆ. ಸ್ಟಾರ್ಕ್ ಬಂದು ಹಡಗನ್ನು ಉಳಿಸಿ, ಉಡುಪನ್ನು ಹಿಂದಕ್ಕೆ ಕೇಳುತ್ತಾನೆ. ಅದಿಲ್ಲದೆ ತಾನು ಏನೂ ಅಲ್ಲವೆಂದು ಹುಡುಗ ಗೋಗರೆಯುತ್ತಾನೆ. ಹಾಗಿದ್ದರೆ ಅದನ್ನು ತೊಡಲು ನೀನು ಅರ್ಹನೇ ಅಲ್ಲವೆಂದು ಉತ್ತರ ಬರುತ್ತದೆ.

ಮುಂದಿನದು ನಾವು ಬಹುಕಾಲ ನೆನೆಯುವ ದೃಶ್ಯ. ತನ್ನ ಹಳೆಯ ಕೆಂಪು ಅಂಗಿ, ಮನೆಯಲ್ಲೇ ಮಾಡಿದ ಮುಖವಾಡ, ಇಷ್ಟನ್ನೇ ಧರಿಸಿ ಹೊರಟ ಹುಡುಗನ ಮೇಲೆ ಕಟ್ಟಡ ಕುಸಿಯುತ್ತದೆ. ಅವನು ಅಳುತ್ತಾನೆ, ಯಾರಾದರೂ ಬನ್ನಿರೆಂದು ಕೂಗುತ್ತಾನೆ. ಯಾರೂ ಬರುವುದಿಲ್ಲ. ಮುಂದೆ ನಿಂತ ನೀರಿನಲ್ಲಿ ಅರ್ಧ ತನ್ನ ಮುಖ, ಅರ್ಧ ಮುಖವಾಡ ಕಾಣುತ್ತದೆ. ಆಗ ಅವನು ಕಲ್ಲಿನ ರಾಶಿಯನ್ನು ಎತ್ತುತ್ತಾನೆ. 1966ರ ಚಿತ್ರಕಥೆಯೊಂದರಲ್ಲಿ ಡಿಟ್ಕೊ ಬರೆದ ಪ್ರಸಿದ್ಧ ಪುಟಗಳ ಛಾಯೆ ಇದು. ಪರರು ಕೊಟ್ಟ ಬಲವನ್ನು ಪರರೇ ಕಸಿಯಬಲ್ಲರು. ತನ್ನಲ್ಲಿ ಹುಟ್ಟಿದ ಬಲವನ್ನು ಯಾರೂ ಕಸಿಯಲಾರರು. ಸ್ವದೇಶೀ ಚಳವಳಿಯನ್ನು ಕಂಡ ನಾಡಿಗೆ ಈ ಪಾಠ ಹೊಸದಲ್ಲ. ನಮ್ಮ ಹಿರಿಯರು ಚರಕದ ಮುಂದೆ ಕುಳಿತು ಕಲಿತುದೂ ಇದನ್ನೇ.

ಹೊಗಳಿಕೆ ಇಲ್ಲಿಗೆ ಸಾಕು. ನಮ್ಮ ಆಕ್ಷೇಪಣೆಗಳೂ ಎರಡಿವೆ. ಚಿತ್ರದ ದುಷ್ಟನಾದ ಟೂಮ್ಸ್, ಮೊದಲು ಕಾಳಗದ ಅವಶೇಷಗಳನ್ನು ಸಾಗಿಸುವ ನಗರಾಡಳಿತದ ಗುತ್ತಿಗೆದಾರ. ಕೈಲಿದ್ದುದನ್ನೆಲ್ಲ ಲಾರಿಗಳಿಗೂ ಆಳುಗಳಿಗೂ ಹಾಕಿದ ಮೇಲೆ, ಸರಕಾರವೂ ಸ್ಟಾರ್ಕನೂ ಕೂಡಿ ನಡೆಸುವ ಇಲಾಖೆಯೊಂದು ಬಂದು ಅವನ ಕೆಲಸವನ್ನು ಕಿತ್ತುಕೊಳ್ಳುತ್ತದೆ. ಅನಂತರ ಅವನು ಕಳ್ಳ ಆಯುಧಗಳ ವ್ಯಾಪಾರಿಯಾದುದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಬಡವರ ಅನ್ನಕ್ಕೆ ಕೈಹಾಕಿದ ಧನಿಕನು ಹುಡುಗನ ಗುರುವಾಗಿಯೇ ಉಳಿದು, ಆ ಅನ್ಯಾಯದ ವಿಚಾರಣೆ ನಡೆಯದೆಯೇ ಕಥೆ ಮುಗಿಯುತ್ತದೆ. ಮೈಕಲ್ ಕೀಟನ್ ಎಂಬ ನಟರು ಈ ಪಾತ್ರಕ್ಕೆ ತುಂಬಿದ ಜೀವದಿಂದ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಉಳಿಯಿತು. ಉತ್ತರ ಮಾತ್ರ ಬರಲಿಲ್ಲ. ತನ್ನನ್ನು ಕೊಲ್ಲಲು ಬಂದ ಆ ಶತ್ರುವನ್ನು ಹುಡುಗ ಬೆಂಕಿಯಿಂದ ಎಳೆದು ಉಳಿಸುವುದೊಂದೇ ಸಮಾಧಾನ.

ಎರಡನೆಯದು ಚಿತ್ರದ ಕೊನೆಯ ಮಾತು. ವೀರರ ದೊಡ್ಡ ಸಂಘದಲ್ಲಿ ಸ್ಥಾನ ಕೊಡುತ್ತೇವೆಂದಾಗ ಹುಡುಗ ಒಲ್ಲೆನೆಂದು ತನ್ನ ಕೇರಿಗೆ ಮರಳುತ್ತಾನೆ. ಭಲೆ! ಆದರೆ ಮನೆಗೆ ಬಂದು ನೋಡಿದರೆ ಸ್ಟಾರ್ಕನ ಉಡುಪು ಕಾಗದದ ಚೀಲದಲ್ಲಿ ಕಾದಿರುತ್ತದೆ. ಹುಡುಗ ಸಂತೋಷದಿಂದ ತೊಡುತ್ತಾನೆ. ಎರಡು ಗಂಟೆ ಕಲಿಸಿದ ಪಾಠವನ್ನು ಚಿತ್ರ ಎರಡು ನಿಮಿಷದಲ್ಲಿ ಮರೆಯಿತೆಂದು ನಮಗೆ ಖೇದವಾಯಿತು. ಈ ಲೋಪವನ್ನು ಅದೇ ನಿರ್ದೇಶಕರು 2021ರ ‘ನೋ ವೇ ಹೋಮ್’ ಚಿತ್ರದ ಅಂತ್ಯದಲ್ಲಿ ತಿದ್ದಿದರು. ಅಲ್ಲಿ ಪೀಟರನನ್ನು ಜಗತ್ತೇ ಮರೆತಿದೆ, ಪೋಷಕನಿಲ್ಲ, ಬಂಧುಗಳಿಲ್ಲ. ಬಾಡಿಗೆಯ ಕೊಠಡಿಯಲ್ಲಿ ಹೊಲಿಗೆಯ ಯಂತ್ರವಿಟ್ಟುಕೊಂಡು ತನ್ನ ಉಡುಪನ್ನು ತಾನೇ ಹೊಲಿದು ತೊಟ್ಟು ಹಿಮ ಸುರಿಯುವ ರಾತ್ರಿಯಲ್ಲಿ ಹೊರಡುತ್ತಾನೆ. ನಮ್ಮ ಮಟ್ಟಿಗೆ ಆ ಹುಡುಗ ಮನೆಗೆ ಮರಳಿದುದು ಆ ರಾತ್ರಿ.

2023ರಲ್ಲಿ ಇದೇ ವೀರನ ಬಗೆಗೆ ಬಂದ, ಬರೆದ ಚಿತ್ರಗಳೇ ಚಲಿಸುವ ‘ಅಕ್ರಾಸ್ ದಿ ಸ್ಪೈಡರ್-ವರ್ಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು. ಅವುಗಳಲ್ಲಿ ಕನ್ನಡವೂ ಒಂದು. ನಮ್ಮ ಮಕ್ಕಳು ಪರದೇಶದ ಕಥೆಯನ್ನು ತಾಯ್ನುಡಿಯಲ್ಲಿ ಕೇಳುವುದು ಹರ್ಷದ ಸಂಗತಿಯೇ. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದೂ ಪರರು ಕೊಟ್ಟ ಉಡುಪೇ. ನಮ್ಮ ಊರಿನ ಬೀದಿಯಲ್ಲಿ ಓಡಾಡಿ, ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತು, ನೆರೆಮನೆಯ ಅಜ್ಜಿಗೆ ಒದಗುವ ಹುಡುಗನೊಬ್ಬನನ್ನು ಸೃಷ್ಟಿಸುವ ಲೇಖಕರೂ ಚಿತ್ರಕಾರರೂ ನಮ್ಮಲ್ಲಿಲ್ಲವೆಂದು ನಾವು ನಂಬುವುದಿಲ್ಲ. ಬಟ್ಟೆ ನಮ್ಮಲ್ಲಿದೆ, ಸೂಜಿದಾರಗಳೂ ಇವೆ. ಹೊಲಿಯಲು ಕೂರುವವರು ಬೇಕಾಗಿದ್ದಾರೆ.